ಹತ್ತೂಮುಕ್ಕಾಲು ಇಂಚಿನ ಸಮುದ್ರ

ಕಳೆದ ವಾರ ಪ್ಯಾಂಟಿನ ಉದ್ದ ಕಡಿಮೆ ಮಾಡಿಸಲು ಮೂಡಬಿದಿರೆಯ ಒಂದು ಟೈಲರ್ ಅಂಗಡಿಗೆ ಹೋಗಿದ್ದೆ. ಆತ ಹೊಸ ಲೈನಿಂಗ್ ಬಟ್ಟೆಗೆ ನೀರು ಚಿಮುಕಿಸಿ ಇಸ್ತ್ರಿಪೆಟ್ಟಿಗೆ ಒತ್ತಿದ. ಗಂಜಿ, ಹಬೆ, ಸ್ವಲ್ಪ ಕಂದಿದ ಹತ್ತಿ, ಅದರ ಹಿಂದೆ ಎಲ್ಲೋ ಮೆಷಿನಿನ ಎಣ್ಣೆ... ನಾನು ಒಂದು ಹೆಜ್ಜೆ ಹಿಂದೆ ಸರಿದೆ. ನಮ್ಮೂರು ನಾರಾವಿಯ ಬಸ್ ಸ್ಟಾಪಿನ ಎದುರಿಗಿದ್ದ ಇನ್ನೊಂದು ಅಂಗಡಿಯೊಳಗೆ ನಿಂತ ಹಾಗಾಯಿತು. ಆ ಅಂಗಡಿ ಈಗಿಲ್ಲ. ಅದನ್ನು ನಡೆಸುತ್ತಿದ್ದವರೂ ಇಲ್ಲ.

ವಾಸನೆ ನೆನಪನ್ನು ತರುತ್ತದೆ ಎನ್ನುವುದನ್ನು ಒಪ್ಪುತ್ತೇನೆ. ಆದರೆ ಬಂದ ನೆನಪು ನಿಜ ಎನ್ನುವುದಕ್ಕೆ ವಾಸನೆ ಸಾಕ್ಷಿಯಲ್ಲ. ಭೌತಶಾಸ್ತ್ರ ಓದಿ, ಮೂರು ಊರುಗಳಲ್ಲಿ ನಾಲ್ಕು ಕೆಲಸ ಹಿಡಿದು ಬಿಟ್ಟ ನನಗೆ ಉಳಿದಿರುವ ಒಂದೇ ಅಭ್ಯಾಸವೆಂದರೆ ಅನುಮಾನ. ಆದ್ದರಿಂದ ಇಸ್ತ್ರಿ ಮುಗಿಯುವಷ್ಟರಲ್ಲಿ ಫೋನು ತೆಗೆದು ಎರಡು ಊರುಗಳ ಹೆಸರು ಹಾಕಿ ನೋಡಿದೆ: ದಕ್ಷಿಣ ಅಮೆರಿಕದ ಸ್ಯಾಂಟಿಯಾಗೊ, ಆಸ್ಟ್ರೇಲಿಯದ ಸಿಡ್ನಿ. ವಿಮಾನದ ದೂರ ಹನ್ನೊಂದು ಸಾವಿರದ ಮುನ್ನೂರು ಕಿಲೋಮೀಟರಿನ ಆಸುಪಾಸು. ಸಿಡ್ನಿಯಿಂದ ಹೊರಟರೆ ಹನ್ನೆರಡೂವರೆ ಗಂಟೆ. ಸ್ಯಾಂಟಿಯಾಗೊದಿಂದ ಹೊರಟರೆ ಹದಿನಾಲ್ಕು ಗಂಟೆ.

ಇಷ್ಟು ಮಾತ್ರ ನಿಜ. ಮುಂದೆ ಬರೆಯುವುದಕ್ಕೆ ನನ್ನ ಹತ್ತಿರ ಇಂಥ ಪುರಾವೆ ಇಲ್ಲ.

ಅವರನ್ನು ಊರಿನಲ್ಲಿ ಎಲ್ಲರೂ ಟೈಲರಕ್ಕ ಎನ್ನುತ್ತಿದ್ದರು. ನಾನು ಎಮ್ಮೆಸ್ಸಿ ಮುಗಿಸಿ, ಕೆಲಸ ಸಿಗದೆ, ಮನೆಯಲ್ಲಿ ಕೂರಲಾಗದೆ ಅವರ ಅಂಗಡಿಯ ಮರದ ಬೆಂಚಿನಲ್ಲಿ ಕೂರುತ್ತಿದ್ದ ಕಾಲ ಅದು. ನಾನು ಅಲ್ಲಿ ಕೂರುತ್ತಿದ್ದುದಕ್ಕೆ ಕಾರಣ ಒಂದು ಭೂಗೋಳ. ಯಾವುದೋ ಶಾಲೆಯವರು ವಾರ್ಷಿಕೋತ್ಸವದ ಪರದೆ ಹೊಲಿಸಿಕೊಂಡು ಹೋಗುವಾಗ, ಸ್ಟ್ಯಾಂಡ್ ಮುರಿದ ಒಂದು ಭೂಗೋಳವನ್ನು ಅವರಿಗೆ ಕೊಟ್ಟಿದ್ದರು. ಟೈಲರಕ್ಕ ಹಳೆ ಬಟ್ಟೆಯ ಸಿಂಬೆ ಮಾಡಿ, ಕತ್ತರಿಸುವ ಮೇಜಿನ ಮೂಲೆಯಲ್ಲಿ ಅದರ ಮೇಲೆ ಭೂಮಿಯನ್ನು ಕೂರಿಸಿದ್ದರು. ಬೇಕಾದ ಹಾಗೆ ತಿರುಗಿಸಬಹುದು, ಬುಡಮೇಲು ಮಾಡಬಹುದು. ಸ್ಟ್ಯಾಂಡ್ ಇದ್ದಿದ್ದರೆ ಅದು ಆಗುತ್ತಿರಲಿಲ್ಲ.

ಅಳತೆ ಪುಸ್ತಕದಲ್ಲಿ ಬ್ಲೌಸಿನವರು, ಚೂಡಿದಾರದವರು ಇದ್ದ ಹಾಗೆ ಭೂಮಿಗೂ ಒಂದು ಪುಟ ಇತ್ತು. “ಸೊಂಟ ಮೂವತ್ತೇಳೂಮುಕ್ಕಾಲು” ಎಂದು ಬರೆದಿದ್ದರು. ಅದನ್ನು ನೋಡಿ ನಾನು ನಕ್ಕಾಗ ಅವರು ತಲೆ ಎತ್ತದೆ, “ನಗ್ಬೇಡ. ಈ ಊರಲ್ಲಿ ಅದೇ ಅಳತೆಯವರು ನಾಲ್ಕು ಜನ ಇದ್ದಾರೆ. ಒಬ್ಬರು ನಿನ್ನ ಮನೆಯವರೇ,” ಅಂದಿದ್ದರು.

ಒಂದು ವಿಷಯ ಹೇಳಿಬಿಡಬೇಕು. ನಾವು ಮಾತಾಡುತ್ತಿದ್ದುದು ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುವಾಗಲೇ ಅವರ ಮಾತು ಸ್ವಲ್ಪ ನನ್ನ ಮಾತಾಗಿಬಿಡುತ್ತದೆ. ಅದಕ್ಕೆ ನನ್ನಲ್ಲಿ ಪರಿಹಾರವಿಲ್ಲ.

ಟೈಲರಕ್ಕನಿಗೆ ಭೂಗೋಳ ಬೇಕಾಗಿದ್ದುದು ಒಂದು ಪದ್ಧತಿಗಾಗಿ. ಹೊರಟವರ ಬೆನ್ನಿಗೆ ಮನೆ ಗುಡಿಸಬಾರದು ಎನ್ನುವುದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಹೆಚ್ಚಿನವರು ಅರ್ಧ ಗಂಟೆ ಬಿಟ್ಟು ಪೊರಕೆ ಹಿಡಿಯುತ್ತಾರೆ. ಟೈಲರಕ್ಕ ಹಾಗಲ್ಲ. ಹೊರಟವರು ತಲುಪುವವರೆಗೆ ಗುಡಿಸಬಾರದು ಎನ್ನುವುದು ಅವರ ತಾಯಿ ಹೇಳಿಕೊಟ್ಟ ಪಾಠ. ಬೆಳ್ತಂಗಡಿಗೆ ಹೋದವರಾದರೆ ಒಂದು ಗಂಟೆ, ಬಂಟ್ವಾಳಕ್ಕಾದರೆ ಎರಡು. ಆದರೆ ತಾಯಿ ತೀರಿಕೊಂಡ ಮೇಲೆ ಅವರೇ ಸಾಕಿ ಬೆಳೆಸಿದ ತಮ್ಮ, ಸರಕು ಹಡಗೊಂದರಲ್ಲಿ ಅಡುಗೆಯವನಾಗಿ ಸೇರಿದ. ಹಡಗು ಯಾವ ಬಂದರಿನಲ್ಲಿದೆಯೋ ಅಲ್ಲಿಗೆ ಕಂಪೆನಿಯವರು ವಿಮಾನ ಹತ್ತಿಸಿ ಕಳಿಸುತ್ತಿದ್ದರು. ಅಂಗಡಿಯನ್ನೇ ಮನೆ ಮಾಡಿಕೊಂಡಿದ್ದ ಟೈಲರಕ್ಕನಿಗೆ ಇದರಿಂದ ನಿಜವಾದ ತೊಂದರೆ ಆಯಿತು. ಟೈಲರ್ ಅಂಗಡಿಯಲ್ಲಿ ಒಂದು ದಿನ ಗುಡಿಸದಿದ್ದರೆ ಬಟ್ಟೆಚೂರು ಪಾದ ಮುಳುಗುವಷ್ಟು ಬೀಳುತ್ತದೆ. ಎರಡು ದಿನವಾದರೆ ಮೆಷಿನಿನ ಪೆಡಲೇ ಆಡುವುದಿಲ್ಲ.

ಅದಕ್ಕೆ ಅವರು ಒಂದು ದಾರಿ ಕಂಡುಹಿಡಿದರು. ಒಂದೊಂದು ವಿಮಾನ ನಿಲ್ದಾಣವನ್ನೂ ಒಂದು ಊರೆಂದು ಲೆಕ್ಕ ಹಿಡಿಯುವುದು. ತಮ್ಮ ಅಲ್ಲಿ ಇಳಿದ ಕೂಡಲೇ ಒಮ್ಮೆ ಗುಡಿಸುವುದು, ಮತ್ತೆ ಹತ್ತಿದ ಮೇಲೆ ಪೊರಕೆ ಮುಟ್ಟದಿರುವುದು. ಹಾಗಾಗಿ ಯಾವ ನಿಲ್ದಾಣದಿಂದ ಯಾವ ನಿಲ್ದಾಣಕ್ಕೆ ಎಷ್ಟು ಹೊತ್ತು ಎನ್ನುವುದು ಅವರಿಗೆ ಗೊತ್ತಿರಲೇಬೇಕಾಯಿತು.

ಅವರು ಅಳೆಯುತ್ತಿದ್ದುದು ಹೊಲಿಗೆಯ ಟೇಪಿನಿಂದ. ಒಂದು ತುದಿಯನ್ನು ಹೆಬ್ಬೆರಳಿನಿಂದ ಒಂದು ಊರಿನ ಮೇಲೆ ಒತ್ತಿ, ಇನ್ನೊಂದು ಊರಿನವರೆಗೆ ಬಿಗಿಯಾಗಿ ಎಳೆಯುವುದು. ಊರಿನಿಂದ ಗಲ್ಫಿಗೆ ಹೋಗಿಬಂದವರನ್ನೆಲ್ಲ ವಿಚಾರಿಸಿ, ಟೇಪಿನ ಅಳತೆಗೆ ಗಂಟೆಯನ್ನು ಹೊಂದಿಸಿ, ಒಂದು ಸೂತ್ರ ಮಾಡಿಕೊಂಡಿದ್ದರು: ಇಂಚಿಗೆ ಒಂದು ಗಂಟೆ ಹತ್ತು ನಿಮಿಷ. ಕೊನೆಗೆ ಹತ್ತಲಿಕ್ಕೆ, ಇಳಿಯಲಿಕ್ಕೆ ಎಂದು ಅರ್ಧ ಗಂಟೆ ಹೆಚ್ಚು. “ಹೊಲಿಗೆಗೆ ಬಟ್ಟೆ ಬಿಡುವುದಿಲ್ವಾ, ಹಾಗೆ,” ಎನ್ನುತ್ತಿದ್ದರು.

ಮೊದಲ ಸಲ ಇದನ್ನು ಕೇಳಿದಾಗ ನಾನು ಮನೆಗೆ ಹೋಗಿ ಲೆಕ್ಕ ಹಾಕಿ ನೋಡಿದೆ. ಭೂಮಿಯ ಸುತ್ತಳತೆಯನ್ನು ಮೂವತ್ತೇಳೂಮುಕ್ಕಾಲರಿಂದ ಭಾಗಿಸಿದೆ. ಒಂದು ಇಂಚಿಗೆ ಸಾವಿರದ ಅರುವತ್ತು ಕಿಲೋಮೀಟರು. ವಿಮಾನದ ವೇಗಕ್ಕೆ ಅದು ಒಂದು ಗಂಟೆ ಹತ್ತು ನಿಮಿಷವೇ. ಕಾಗದವನ್ನು ಎರಡು ಸಲ ತಿರುಗಿಸಿ ನೋಡಿದೆ. ಐದು ವರ್ಷ ನಾನು ಕಲಿತದ್ದನ್ನು ಇವರು ನೆರೆಹೊರೆಯವರನ್ನು ವಿಚಾರಿಸಿ ಕಂಡುಕೊಂಡಿದ್ದರು.

ತಮ್ಮ ಆ ವರ್ಷ ಸಿಡ್ನಿಯಿಂದ ಸ್ಯಾಂಟಿಯಾಗೊಕ್ಕೆ ಹೋಗಿ, ಅದರ ಹತ್ತಿರದ ಬಂದರಿನಲ್ಲಿ ಹಡಗು ಸೇರಿದ. ಆವತ್ತು ಟೇಪು ಎಳೆದದ್ದು ನನಗೆ ಚೆನ್ನಾಗಿ ನೆನಪಿದೆ, ಅಥವಾ ನೆನಪಿದೆ ಎಂದುಕೊಂಡಿದ್ದೇನೆ. ಗೋಡೆಯ ನಕ್ಷೆ ನೋಡಿ ಬೆಳೆದ ನಾನು ಟೇಪು ನೇರವಾಗಿ ಬಲಕ್ಕೆ, ಪೆಸಿಫಿಕ್ ಸಾಗರದ ನಡುವಿನಿಂದ ಹೋಗುತ್ತದೆ ಎಂದುಕೊಂಡಿದ್ದೆ. ಬಿಗಿಯಾಗಿ ಎಳೆದಂತೆ ಟೇಪು ತಾನಾಗಿಯೇ ಕೆಳಕ್ಕೆ ಜಾರಿತು. ಇನ್ನೂ ಕೆಳಕ್ಕೆ. ಭೂಮಿಯ ಬುಡದ ಬಿಳಿ ಬಣ್ಣದ ಹತ್ತಿರ ಹೋಗಿ ನಿಂತಿತು. ಹತ್ತೂಮುಕ್ಕಾಲು ಇಂಚು. ಅಷ್ಟುದ್ದಕ್ಕೂ ಟೇಪಿನ ಕೆಳಗೆ ನೀಲಿ ಬಿಟ್ಟರೆ ಬೇರೇನೂ ಇಲ್ಲ. ಗೋಳದ ಮೇಲಿನ ಅತಿ ಹತ್ತಿರದ ದಾರಿಯಾದ ದೊಡ್ಡ ವೃತ್ತದ ಬಗ್ಗೆ ನಾನು ಪರೀಕ್ಷೆಯಲ್ಲಿ ಬರೆದಿದ್ದೆ. ಕಣ್ಣಿಂದ ನೋಡಿರಲಿಲ್ಲ.

ಆ ಸಲ ಅವನು ತಲುಪಲು ಹನ್ನೆರಡೂವರೆ ಗಂಟೆಯಾಯಿತು. ಅಂಗಡಿಯ ಗಡಿಯಾರ ನೋಡಿ ನಾವೇ ಲೆಕ್ಕ ಇಟ್ಟಿದ್ದೆವು. ಆದರೆ ದಿನ ಬದಲಾಗುವ ಗೆರೆಯನ್ನು ದಾಟಿದ್ದರಿಂದ, ಆಯಾ ಊರಿನ ಗಡಿಯಾರದ ಪ್ರಕಾರ ಅವನು ಹೊರಟದ್ದು ಬುಧವಾರ ಮಧ್ಯಾಹ್ನ ಒಂದಕ್ಕೆ, ಇಳಿದದ್ದು ಅದೇ ಬುಧವಾರ ಬೆಳಿಗ್ಗೆ ಹನ್ನೊಂದೂವರೆಯ ಸುಮಾರಿಗೆ. “ಹೊರಡುವ ಮೊದಲೇ ಮುಟ್ಟಿದ್ದಾನಲ್ಲ ಮಾರಾಯ! ಹಾಗಾದರೆ ಗುಡಿಸಿದ ಮೇಲೆ ಕಸ ಬೀಳ್ಬೇಕು,” ಎಂದು ಟೈಲರಕ್ಕ ನಕ್ಕಿದ್ದರು.

ನಾಲ್ಕು ತಿಂಗಳಿಗೆ ಸುದ್ದಿ ಬಂತು. ತಮ್ಮನಿಗೆ ಹಡಗಿನ ಅಡುಗೆಮನೆಯಲ್ಲಿ ಎದೆನೋವು ಬಂದು, ಆ ಕಡೆಯದೇ ಒಂದು ಬಂದರಿನ ಆಸ್ಪತ್ರೆಗೆ ಸೇರಿಸಿ, ಹೃದಯಕ್ಕೆ ಸ್ಟೆಂಟ್ ಹಾಕಿದ್ದರು. ಮೂರು ವಾರದ ಬಳಿಕ ಡಾಕ್ಟರು ವಿಮಾನ ಹತ್ತಬಹುದು ಎಂದರು. ಅದೇ ದಾರಿಯಲ್ಲಿ, ಒಬ್ಬನೇ, ಊರಿಗೆ ವಾಪಸ್ಸು.

ಟೈಲರಕ್ಕ ಮತ್ತೆ ಟೇಪು ಎಳೆದರು. ಈ ಸಲ ಇಂಚು ನೋಡಲಿಲ್ಲ. ಟೇಪಿನ ಕೆಳಗೆ ಬೆರಳಿಟ್ಟು ನಿಧಾನವಾಗಿ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋದರು.

“ನಡುವೆ ಎಲ್ಲಿಯಾದರೂ ಇಳಿಸ್ಲಿಕ್ಕೆ ಜಾಗ ಉಂಟಾ?”

“ಇಲ್ಲ ಅಕ್ಕ.”

“ಅವನಿಗೆ ಪುನಃ ನೋವು ಬಂದರೆ?”

ಅದಕ್ಕೆ ನಾನು ಪ್ರಯಾಣದ ಹೊತ್ತು ಹೇಳಿದೆ. ಹನ್ನೆರಡೂವರೆ ಗಂಟೆ, ಅಷ್ಟೇ, ಕಣ್ಣು ಮುಚ್ಚಿ ತೆರೆಯುವುದರೊಳಗೆ ಎಂದೆ.

“ಬರುವಾಗಲೂ ಅಷ್ಟೇಯಾ?”

ನಾನು ನಕ್ಕೆ. ಆ ನಗು ನನಗೆ ಈಗಲೂ ಕೇಳುತ್ತದೆ. “ದೂರ ಬದಲಾಗ್ತದಾ ಅಕ್ಕ? ಬಂಟ್ವಾಳದಿಂದ ಬೆಳ್ತಂಗಡಿಗೆ ಎಷ್ಟೋ, ಬೆಳ್ತಂಗಡಿಯಿಂದ ಬಂಟ್ವಾಳಕ್ಕೂ ಅಷ್ಟೇ.”

“ನನ್ನ ಲೆಕ್ಕದಲ್ಲಿ ಹದಿಮೂರು ಬರ್ತದೆ.”

“ಅದು ನೀವು ಬಟ್ಟೆ ಬಿಟ್ಟ ಲೆಕ್ಕ. ಹೋಗುವಾಗ ಹನ್ನೆರಡೂವರೆಯೇ ಅಲ್ವಾ ಆದದ್ದು?”

ಅವರು ಸ್ವಲ್ಪ ಯೋಚಿಸಿ, “ಆಯ್ತು, ನೀನು ಓದಿದವನು,” ಅಂದರು. ಫೋನಿನಲ್ಲಿ ವಿಮಾನದ ವೇಳಾಪಟ್ಟಿ ನೋಡುವುದು ನನಗೆ ಕಷ್ಟವಿರಲಿಲ್ಲ. ನೋಡುವ ಅಗತ್ಯವಿದೆ ಎಂದೇ ಅನಿಸಲಿಲ್ಲ.

ಅದು ಅಷ್ಟಮಿಯ ಮೊದಲಿನ ವಾರ. ಮುದ್ದುಕೃಷ್ಣನ ವೇಷಕ್ಕೆಂದು ಊರಿನ ಮಕ್ಕಳ ನೀಲಿ ವೆಲ್ವೆಟ್ಟು, ಹಳದಿ ಸ್ಯಾಟಿನ್ನು, ಜರಿ ಅಂಚು ಅಂಗಡಿಯ ತುಂಬ ಬಿದ್ದಿತ್ತು. ಹಿಂದಿನ ರಾತ್ರಿ ನಮ್ಮ ಹನ್ನೊಂದು ಗಂಟೆಗೆ ತಮ್ಮನಿಂದ ಸಂದೇಶ ಬಂದಿತ್ತು: ಹತ್ತಿದೆ, ಬಾಗಿಲು ಹಾಕಿದರು. ಹಾಗಾದರೆ ಬೆಳಿಗ್ಗೆ ಹನ್ನೊಂದೂವರೆಗೆ ಸಿಡ್ನಿ. ನಾನು ಹತ್ತಕ್ಕೇ ಹೋಗಿ ಬೆಂಚಿನಲ್ಲಿ ಕುಳಿತೆ. ನೆಲ ಕಾಣುತ್ತಿರಲಿಲ್ಲ. ಬರೀ ನೀಲಿ, ಹಳದಿ ಚೂರುಗಳು.

ಹನ್ನೊಂದೂವರೆಯಾಯಿತು. ಹನ್ನೊಂದೂಮುಕ್ಕಾಲು. “ಇಳಿದಿರ್ತಾನೆ. ಹೊರಗೆ ಬಂದು ಫೋನು ತೆಗೀಲಿಕ್ಕೆ ಹೊತ್ತು ಬೇಕಲ್ಲ,” ಎಂದು ನಾನು ಹೇಳಿದೆ. ಟೈಲರಕ್ಕ ನನ್ನ ಮುಖ ನೋಡಿ, ಎದ್ದು, ಪೊರಕೆ ತೆಗೆದರು. ಮೂಲೆ ಮೂಲೆಯಿಂದ ಎಳೆದು ಗುಡಿಸಿ, ಚೂರುಗಳನ್ನೆಲ್ಲ ಗೋಣಿಗೆ ತುಂಬಿ, ಬಾಯಿ ಕಟ್ಟಿದರು. ಕೆಂಪು ಸಿಮೆಂಟಿನ ನೆಲ ಹೊಳೆಯಿತು. ಆಮೇಲೆ ಫೋನಿನ ಎದುರು ಕುಳಿತರು.

ಹನ್ನೆರಡು. ಹನ್ನೆರಡೂಕಾಲು.

ನಾನು ಆಗ ಫೋನಿನಲ್ಲಿ ವಿಮಾನ ಎಲ್ಲಿದೆ ಎಂದು ಹುಡುಕಿದೆ. ನಕ್ಷೆಯಲ್ಲಿ ವಿಮಾನದ ಗುರುತು ದಕ್ಷಿಣ ಅಮೆರಿಕದ ಕರಾವಳಿಯಿಂದ ಸ್ವಲ್ಪ ಆಚೆ ಹೋಗಿ ಮಾಯವಾಗಿತ್ತು. ಅದರಾಚೆ ಏನೂ ಇಲ್ಲ. ಇಳಿಯಿತು ಎಂದಿಲ್ಲ, ಹಾರುತ್ತಿದೆ ಎಂದೂ ಇಲ್ಲ. ನಾನು ಅದನ್ನು ಅವರಿಗೆ ತೋರಿಸಲಿಲ್ಲ. ಅವರೇ ಬಗ್ಗಿ ನೋಡಿಬಿಟ್ಟರು.

“ಇಳೀಲಿಲ್ಲ,” ಅಂದರು. “ಅವನು ಇನ್ನೂ ಮೇಲೆಯೇ ಇದ್ದಾನೆ. ನಾನು ಗುಡಿಸಿಬಿಟ್ಟೆ.”

ಆಮೇಲೆ ಅವರು ಮಾಡಿದ್ದನ್ನು ನಾನು ಬೇರೆಲ್ಲೂ, ಬೇರೆ ಯಾರೂ ಮಾಡಿದ್ದು ಕಂಡಿಲ್ಲ. ಗೋಣಿಯ ಬಾಯಿ ಬಿಚ್ಚಿ, ನೆಲಕ್ಕೆ ಮೊಣಕಾಲೂರಿ, ಬಟ್ಟೆಚೂರುಗಳನ್ನು ಹಿಡಿ ಹಿಡಿಯಾಗಿ ತೆಗೆದು ಮತ್ತೆ ಹರಡತೊಡಗಿದರು. ಸುಮ್ಮನೆ ಸುರಿಯಲಿಲ್ಲ. ಮೆಷಿನಿನ ಕೆಳಗಿನದ್ದು ಮೆಷಿನಿನ ಕೆಳಗೆ, ಮೇಜಿನ ಬದಿಯದ್ದು ಮೇಜಿನ ಬದಿಗೆ. ಎಲ್ಲಿ ಯಾವುದು ಬಿದ್ದಿತ್ತು ಎನ್ನುವುದು ಕತ್ತರಿಸಿದ ಕೈಗೆ ಗೊತ್ತಿತ್ತೋ ಏನೋ... ನಾನೂ ಕೆಳಗೆ ಕುಳಿತು ಹರಡಿದೆ. ಇಲ್ಲಿ ನನಗೆ ಅನುಮಾನ. ನಿಜವಾಗಿ ಹರಡಿದೆನೇ, ಅಥವಾ ಬೆಂಚಿನಲ್ಲಿ ಕುಳಿತು ನೋಡುತ್ತಿದ್ದು, ಹರಡಬೇಕಿತ್ತು ಎಂದು ಆಮೇಲೆ ಅನಿಸಿ ನೆನಪನ್ನು ತಿದ್ದಿಕೊಂಡೆನೇ? ಕೈಬೆರಳುಗಳಿಗೆ ಜರಿಯ ಎಳೆ ಚುಚ್ಚಿದ ನೆನಪೇನೋ ಇದೆ. ಅದನ್ನು ಎಷ್ಟು ನಂಬಬಹುದೋ ಗೊತ್ತಿಲ್ಲ.

ಆ ಹೊತ್ತಿಗೆ ಬ್ಲೌಸು ಕೇಳಲು ಒಬ್ಬ ಹೆಂಗಸು ಬಂದರು. ಯಾರೆಂದು ಮರೆತಿದ್ದೇನೆ. ಬಾಗಿಲಲ್ಲೇ ನಿಂತು, “ಎಂತ ಅಕ್ಕ, ಇದು ಗುಡಿಸುವುದಾ, ಬಿತ್ತುವುದಾ?” ಎಂದರು.

“ಬಿತ್ತುವುದು,” ಅಂದರು ಟೈಲರಕ್ಕ. “ನಿನ್ನ ಬ್ಲೌಸು ಮೊಳಕೆ ಬಂದ ಮೇಲೆ ಬಾ.”

ಆಕೆ ನಗುತ್ತ ಹೋದರು. ಟೈಲರಕ್ಕ ಗೋಣಿಯಿಂದ ಇನ್ನೊಂದು ಹಿಡಿ ತೆಗೆದರು.

ಹರಡುತ್ತ ಹರಡುತ್ತ ಅವರ ಕೈಗೆ ಅಂಗೈಯಗಲದ ಒಂದು ವೆಲ್ವೆಟ್ ತುಂಡು ಸಿಕ್ಕಿತು. ಅದನ್ನು ತೊಡೆಯ ಮೇಲಿಟ್ಟು ಒಮ್ಮೆ ಸವರಿದರು. ಹಿಂದಕ್ಕೆ ಸವರಿದರು. ಮತ್ತೆ ಮುಂದಕ್ಕೆ.

“ಇಲ್ಲಿ ಕೈಯಿಡು,” ಅಂದರು.

ಇಟ್ಟೆ.

“ಹೀಗೆ ಹೋಗುವಾಗ ಕೈ ಜಾರ್ತದೆ. ವಾಪಸ್ಸು ಬರುವಾಗ ತಡೀತದೆ. ತುಂಡು ಅಷ್ಟೇ, ಇಂಚು ಅಷ್ಟೇ. ಮೇಲೆಯೂ ಹೀಗೆ ಎಂತಾದರೂ ಇರಬಹುದಾ?”

ನಾನು ಕೈ ತೆಗೆಯಲಿಲ್ಲ. ಗಾಳಿ! ದಕ್ಷಿಣದ ಸಮುದ್ರದ ಮೇಲೆ, ತಡೆಯಲು ಒಂದು ಗುಡ್ಡವೂ ಇಲ್ಲದ ಕಡೆ, ಪಶ್ಚಿಮದಿಂದ ಪೂರ್ವಕ್ಕೆ ನಿಲ್ಲದೆ ಬೀಸುವ ಗಾಳಿ. ಹೋಗುವಾಗ ಅದು ವಿಮಾನವನ್ನು ಬೆನ್ನಿಂದ ದೂಡಿತ್ತು. ಈಗ ಅದು ಎದೆಗೆ ಎದುರಾಗಿತ್ತು. ಅದರ ಬಗ್ಗೆ ನಾನು ಪುಟಗಟ್ಟಲೆ ಓದಿದ್ದೆ, ಅಂಕ ತೆಗೆದಿದ್ದೆ. ಹಿಂದಿನ ದಿನ ಅವರು ಕೇಳಿದ್ದೂ ಅದನ್ನೇ, ನಾನು ನಕ್ಕಿದ್ದೆ. ಸಮುದ್ರವನ್ನೇ ಸರಿಯಾಗಿ ನೋಡದ, ವಿಮಾನವನ್ನು ಆಕಾಶದಲ್ಲಿ ಮಾತ್ರ ಕಂಡ ಹೆಂಗಸೊಬ್ಬರು, ಅಷ್ಟು ಹೆದರಿಕೆಯ ನಡುವೆ, ಬಟ್ಟೆಯ ಒಂದು ಚೂರಿನಿಂದ ಭೂಮಿಯ ಆ ತುದಿಯ ಗಾಳಿಯನ್ನು ಮುಟ್ಟಿದ್ದರು. ನನಗೆ ಆಗ ಆದದ್ದು ನಾಚಿಕೆಯಲ್ಲ. ನಾಚಿಕೆ ಆಮೇಲೆ ಬಂತು. ಮೊದಲು ಬಂದದ್ದು ಬೇರೆ. ನಡುಹಗಲಿನಲ್ಲಿ ಆ ಸಣ್ಣ ಅಂಗಡಿಯ ಹಂಚಿನ ಮಾಡು ಹಾರಿಹೋಗಿ, ಅಷ್ಟು ದೊಡ್ಡ ಆಕಾಶ ಒಳಗೆ ಬಂದ ಹಾಗೆ...

“ಇರ್ತದೆ ಅಕ್ಕ. ಗಾಳಿ. ಎದುರು ಗಾಳಿ,” ಅಂದೆ. “ಒಂದು ಗಂಟೆ, ಒಂದೂವರೆ ಗಂಟೆ ಹೆಚ್ಚು ಬೇಕು.”

“ಅದು ನಿನಗೆ ನಿನ್ನೆ ಗೊತ್ತಿತ್ತಾ?”

“ಗೊತ್ತಿತ್ತು.”

ಅವರು ಬೈಯಲಿಲ್ಲ. ವೆಲ್ವೆಟ್ಟಿನ ತುಂಡನ್ನು ನೆಲದ ಮೇಲೆ ಹಾಕಿದರು. ಗೋಡೆಗೆ ಬೆನ್ನು ಕೊಟ್ಟು, ಚೂರುಗಳ ನಡುವೆಯೇ ಕಾಲು ಚಾಚಿ ಕುಳಿತರು. ಆ ಬಳಿಕದ ಹೊತ್ತಿನ ಬಗ್ಗೆ ನನಗೆ ಹೆಚ್ಚು ನೆನಪಿಲ್ಲ. ಧರ್ಮಸ್ಥಳದ ಬಸ್ಸು ಬಂದು ನಿಂತು ಹೋಯಿತು. ಮಳೆ ಬಂತು, ಬಿಸಿಲೂ ಬಂತು.

ಒಂದು ಗಂಟೆ ಇಪ್ಪತ್ತು ನಿಮಿಷಕ್ಕೆ ಫೋನು ಬಂತು. ಟೈಲರಕ್ಕನಿಗೆ ಎತ್ತಲಾಗಲಿಲ್ಲ, ನಾನೇ ಒತ್ತಿದೆ.

“ಅಕ್ಕಾ, ಮುಟ್ಟಿದೆ.”

ಇವರು ಮೊದಲು ಕೇಳಿದ್ದು ಎದೆನೋವಿನ ವಿಷಯ. ಅವನಿಗೆ ನೋವಿರಲಿಲ್ಲ. ಅವನು ಹೇಳುತ್ತಿದ್ದುದೆಲ್ಲ ಕಿಟಕಿಯಿಂದ ಕಂಡದ್ದನ್ನು. “ಕೆಳಗೆ ಪೂರಾ ಬಿಳಿ ಅಕ್ಕಾ. ಒಗೆದ ಮುಂಡು ಹಾಸಿದ ಹಾಗೆ, ನಡುನಡುವೆ ಹರಿದ ಹಾಗೆ. ಸಮುದ್ರವೇ ಹೆಪ್ಪುಗಟ್ಟಿದ್ದಂತೆ. ಎರಡು ಗಂಟೆ ಹೋದರೂ ಮುಗೀಲಿಲ್ಲ. ಹೆದರಿಕೆ ಆಗ್ಲಿಲ್ಲ, ನನಗೆ ನಿನ್ನನ್ನು ಕರ್ಕೊಂಡು ಬರ್ಬೇಕಿತ್ತು ಅಂತ ಆಯ್ತು.”

ಟೈಲರಕ್ಕ ಸೆರಗಿನಿಂದ ಮುಖ ಒರೆಸಿಕೊಂಡರು. ಆಮೇಲೆ ಎದ್ದು ಅಂಗಡಿಯನ್ನು ಎರಡನೆಯ ಸಲ ಗುಡಿಸಿದರು.

ಆ ವರ್ಷವೇ ನನಗೆ ದೂರದಲ್ಲಿ ಕೆಲಸ ಸಿಕ್ಕಿತು. ಹೋದೆ, ಬಿಟ್ಟೆ, ಇನ್ನೊಂದು ಕಡೆ ಹೋದೆ. ಟೈಲರಕ್ಕ ತೀರಿಕೊಂಡ ಸುದ್ದಿಯನ್ನು ತಾಯಿ ಫೋನಿನಲ್ಲಿ ಹೇಳಿದಾಗ ಒಂದು ವಾರ ಕಳೆದಿತ್ತು. ಬರಬೇಕು ಅಂದುಕೊಂಡೆ. ಬರಲಿಲ್ಲ. ಮೂಡಬಿದಿರೆಗೆ ಪಾಠ ಮಾಡಲು ಬಂದು ಎರಡು ವರ್ಷವಾದರೂ, ಅವರ ತಮ್ಮ ಬೆಳ್ತಂಗಡಿಯಲ್ಲಿ ಸಣ್ಣ ಕ್ಯಾಂಟೀನ್ ನಡೆಸುತ್ತಿದ್ದಾನೆ ಎಂದು ಗೊತ್ತಿದ್ದರೂ, ಹೋಗಿರಲಿಲ್ಲ. ಆ ಇಸ್ತ್ರಿಯ ವಾಸನೆ ಬಂದ ಶನಿವಾರ ಬಸ್ಸು ಹತ್ತಿದೆ.

ಅವನಿಗೆ ಈಗ ತಲೆಯೆಲ್ಲ ಬೆಳ್ಳಗಾಗಿದೆ. ಗುರುತು ಹಿಡಿದ. ಮಧ್ಯಾಹ್ನದ ಊಟದ ಗಲಾಟೆ ಮುಗಿದಿತ್ತು, ಚಾ ತಂದು ಎದುರು ಕುಳಿತ. ನಾನು ಪೀಠಿಕೆಯಿಲ್ಲದೆ ಕೇಳಿದೆ: ಅಕ್ಕ ಗುಡಿಸಿದ್ದನ್ನು ಪುನಃ ಹರಡಿದ್ದು ಗೊತ್ತುಂಟಾ ಎಂದು.

“ಇಲ್ಲ ಸಾರ್. ನನಗೆ ಅದನ್ನು ಹೇಳ್ಲೇ ಇಲ್ಲ. ನಿಮ್ಮ ಹನ್ನೆರಡೂವರೆ ಗಂಟೆ ಮಾತ್ರ ಯಾವಾಗಲೂ ಹೇಳ್ತಿದ್ಲು. ಯಾರಾದ್ರೂ ಜೋರಾಗಿ ಲೆಕ್ಕ ಹೇಳಿದ್ರೆ, ‘ಇದು ನಮ್ಮ ವಿಜ್ಞಾನಿಯ ಲೆಕ್ಕವಾ?’ ಅಂತ ನಗಾಡುವುದು.”

ಹಾಗಾದರೆ ಅದಕ್ಕೆ ಸಾಕ್ಷಿ ನಾನೊಬ್ಬನೇ. ನನ್ನ ಸಾಕ್ಷಿ ಎಷ್ಟರದ್ದು ಎಂದು ಈಗಾಗಲೇ ಹೇಳಿದ್ದೇನೆ.

ಅವರು ಹೋದದ್ದು ಹೇಗೆ ಎಂದು ಕೇಳಿದೆ. ಬೆಳಿಗ್ಗೆ ಹೊಲಿಯುತ್ತಿದ್ದಾಗ ಉಸಿರು ಕಟ್ಟಿದ ಹಾಗೆ ಆಯಿತಂತೆ. ಬೆಳ್ತಂಗಡಿಗೆ ಕರೆತಂದರು, ಅಲ್ಲಿಂದ ಆಂಬುಲೆನ್ಸಿನಲ್ಲಿ ಮಂಗಳೂರಿಗೆ ಹೊರಟರು. ಅವನು ಅಕ್ಕನ ಪಕ್ಕದಲ್ಲೇ ಕುಳಿತಿದ್ದ. ಹತ್ತೂಮುಕ್ಕಾಲು ಇಂಚಿನ ಸಮುದ್ರ ದಾಟುವವರೆಗೆ ತಮ್ಮನನ್ನು ಕಾದವರಿಗೆ ಬೆಳ್ತಂಗಡಿಯಿಂದ ಮಂಗಳೂರಿನ ದಾರಿ ಟೇಪಿನ ಒಂದು ಗೆರೆಯಷ್ಟೂ ಇರಲಿಲ್ಲ.

“ಬಂಟ್ವಾಳ ಪೇಟೆ ದಾಟುವಾಗ ಕಣ್ಣು ಬಿಟ್ಲು,” ಅವನು ಹೇಳಿದ. “ಇನ್ನು ಎಷ್ಟು ಹೊತ್ತು ಅಂತ ಕೇಳಿದ್ಲು. ಅರ್ಧ ಗಂಟೆ ಅಂದೆ.” ಚಾದ ಗ್ಲಾಸನ್ನು ಮೇಜಿನ ಮೇಲೆ ಸ್ವಲ್ಪ ಆಚೆ ಸರಿಸಿದ. “ಅವಳಿಗೆ ಅರ್ಧ ಗಂಟೆ ಇರ್ಲಿಲ್ಲ ಸಾರ್. ಹತ್ತು ನಿಮಿಷವೂ ಇರ್ಲಿಲ್ಲ.”

“ನಂಬಿದ್ರಾ?” ಎಂದು ಕೇಳಿದೆ. ಯಾಕೆ ಕೇಳಿದೆನೋ.

“ನಂಬಿದ್ಲು. ಆಯ್ತು ಅಂತ ಹೇಳಿ ಕಣ್ಣು ಮುಚ್ಚಿಕೊಂಡ್ಲು.”

ನಾವಿಬ್ಬರೂ ಅಲ್ಲೇ ಕುಳಿತಿದ್ದೆವು. ಎಷ್ಟು ಹೊತ್ತು ಎಂದು ನಾನು ನೋಡಲಿಲ್ಲ.